ದೀಪಸ್ತಂಭಕ್ಕೊಂದು ಲಿಫ್ಟ್

ಲಿಫ್ಟ್ ಒಮ್ಮೆ ಕುಲುಕಿ, ನರಳಿ, ನಿಂತೇಬಿಟ್ಟಿತು. ಅದರ ಬೆನ್ನಿಗೇ ಒಳಗಿನ ದೀಪವೂ ಆರಿಹೋಯಿತು.

ಕತ್ತಲು... ಕಣ್ಣು ತೆರೆದರೂ ಮುಚ್ಚಿದರೂ ಒಂದೇ ಅನ್ನುವಂಥ ಕತ್ತಲು!

ಅವಳು ಕೈಯಲ್ಲಿದ್ದ ಫ್ರೇಮುಗಳ ಡಬ್ಬವನ್ನು ಎದೆಗವಚಿಕೊಂಡಳು. ಆ ಕಟ್ಟಡದ ಐದನೇ ಮಹಡಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವುದು ಅವಳ ಕೆಲಸ. ಕಟ್ಟಡದವರ ಬಾಯಲ್ಲಿ ಅವಳ ಹೆಸರೇ 'ಕನ್ನಡಕದ ಹುಡುಗಿ'. ದಿನವೂ ಹತ್ತಿಳಿಯುವ ಲಿಫ್ಟು, ಇವತ್ತು ಹೀಗೆ ಕೈಕೊಟ್ಟಿತಲ್ಲ!

ತಡಕಾಡಿ ತುರ್ತಿನ ಹಳದಿ ಗುಂಡಿ ಒತ್ತಿದಳು. "ಬರ್ತಾ ಇದೀವಿ, ಗಾಬರಿ ಆಗ್ಬೇಡಿ" ಎಂದಿತು ಒಂದು ಒರಟು ದನಿ. ಹಾಗೆ ಅಂದ ಮೇಲೆ ಗಾಬರಿ ಇನ್ನೂ ಹೆಚ್ಚಾಯಿತು.

ಭಯವಾದಾಗ ಅವಳಿಗೊಂದು ಅಭ್ಯಾಸವಿತ್ತು. ಇಷ್ಟದ ಸೀರಿಯಲ್ಲಿನ ಮಾತುಗಳನ್ನು ತನಗೆ ತಾನೇ ಹೇಳಿಕೊಳ್ಳುವುದು. 'ಬಾಗಿಲು ತೆರೆದಾಗ' ಎಂಬ ಹಳೆಯ ಸೀರಿಯಲ್, ಕಾಲದಿಂದ ಕಾಲಕ್ಕೆ ಓಡಾಡುವ ಒಂದು ಲಿಫ್ಟಿನ ಕಥೆ. ಅದನ್ನು ನಡೆಸುವ ಹೆಂಗಸನ್ನು ಅಭಿಮಾನಿಗಳೆಲ್ಲ ಲಿಫ್ಟಮ್ಮ ಅನ್ನುತ್ತಿದ್ದರು. ಲಿಫ್ಟಮ್ಮ ಯಾರನ್ನು ಯಾವ ಕಾಲಕ್ಕೆ ಬೇಕಾದರೂ ಕರೆದೊಯ್ಯಬಲ್ಲಳು. ಆದರೆ ತಾನು ಮಾತ್ರ ಹೊಸ್ತಿಲು ದಾಟಿ ಹೊರಗೆ ಕಾಲಿಡುವಂತಿಲ್ಲ!

"ಈ ಬಾಗಿಲನ್ನ ಯಾರೂ ಹೊರಗಿಂದ ತೆಗೆಯೋಕಾಗಲ್ಲ..." ಅವಳು ಕಣ್ಣು ಮುಚ್ಚಿ ಪಿಸುಗುಟ್ಟಿದಳು.

"...ಎಲ್ಲಿಗೆ ಹೋಗ್ಬೇಕು ಅಂತ ಒಳಗಿರೋರಿಗೆ ಗೊತ್ತಾದಾಗ ಅದಾಗೇ ತೆರ್ಕೊಳ್ಳತ್ತೆ!"

ದನಿ ಬಂದದ್ದು ತಲೆಯ ಮೇಲಿನಿಂದ!

ಅವಳ ಮೈ ಝುಂ ಎಂದಿತು. ಆ ಸೀರಿಯಲ್ ನಿಂತು ವರ್ಷಗಳೇ ಆಗಿವೆ. ಅದರ ಮಾತು, ಅದೂ ಒಂದಕ್ಷರ ತಪ್ಪದೆ... ಯಾರಿದು?

ಕಬ್ಬಿಣ ಕಿರ್ರೆಂದಿತು. ಬಾಗಿಲ ಸಂದಿಯಿಂದ ಬೆಳಕು ಒಂದು ಗೆರೆಯಾಗಿ ಬಂದು, ಅಗಲವಾಗುತ್ತ ಹೋಯಿತು. ಲಿಫ್ಟ್ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದ್ದರಿಂದ ಅವಳಿಗೆ ಮೊದಲು ಕಂಡದ್ದು ಧೂಳು ಮೆತ್ತಿದ ಎರಡು ಬೂಟು. ಆಮೇಲೆ ಎಣ್ಣೆ ಹತ್ತಿದ ಒಂದು ಕೈ. ಕಡೆಗೆ, ಬಗ್ಗಿ ನೋಡುತ್ತಿದ್ದ ಒಂದು ಮುಖ.

"ಕೈ ಕೊಡಿ," ಎಂದನವನು. ಮರುಕ್ಷಣವೇ ನಾಚಿಕೊಂಡು ಆ ಕೈಯನ್ನು ಪ್ಯಾಂಟಿಗೆ ಒರೆಸಿ ಮತ್ತೆ ಚಾಚಿದ. "ಎಣ್ಣೆ ಇದೆ, ಪರವಾಗಿಲ್ವಾ?"

"ನೀವು... ನೀವು ಲಿಫ್ಟಮ್ಮನ್ನ ನೋಡಿದೀರಾ?"

"ಲಿಫ್ಟ್ ರಿಪೇರಿ ಮಾಡೋನು ಅವಳನ್ನ ನೋಡ್ದೆ ಇನ್ಯಾರನ್ನ ನೋಡ್ಲಿ? ಮೊದ್ಲು ಮೇಲೆ ಬನ್ನಿ ಮೇಡಂ, ಆಮೇಲೆ ಮಾತಾಡೋಣ!"

ಅವಳು ಕೈ ಕೊಟ್ಟಳು.

* * *

ಆಮೇಲೆ ಅವರು ಮಾತಾಡಿದರು. ಎಷ್ಟು ಮಾತಾಡಿದರೆಂದರೆ, ಅಂಗಡಿಯ ಯಜಮಾನರು ಕೆಮ್ಮಿ ಕೆಮ್ಮಿ ಗಂಟಲು ಕೆಡಿಸಿಕೊಂಡರು.

ಅವನಿಗೂ ಲಿಫ್ಟಮ್ಮ ಇಷ್ಟ. ಅದಕ್ಕಿಂತ ಹೆಚ್ಚಾಗಿ 'ತೀರದ ದೀಪ' ಇಷ್ಟ. ಅಯ್ಯೋ, ಅದು ಅವಳ ಪ್ರಾಣ! ಸಮುದ್ರದ ನಡುವಿನ ಬಂಡೆಯ ಮೇಲೊಂದು ದೀಪಸ್ತಂಭ. ಅಲ್ಲೊಬ್ಬ ಅಜ್ಜ. ಜಗಳವಾಡಿ ಹಡಗು ಹತ್ತಿ ಹೋದ ಮಗಳು ಎಂದಾದರೂ ಬಂದಾಳು ಎಂದು ಪ್ರತಿ ಸಂಜೆ ಮೆಟ್ಟಿಲು ಹತ್ತಿ ದೀಪ ಹಚ್ಚುವುದೇ ಅವನ ಬದುಕು. ನೋಡುವವರಿಗೆಲ್ಲ ಒಂದೇ ಪ್ರಶ್ನೆ: ಆ ಹಡಗು ಬರುತ್ತಾ?

"ನಂಗೊಂದು ಹುಚ್ಚು ಯೋಚ್ನೆ ಇದೆ," ಅವಳು ಹಿಂಜರಿಯುತ್ತಲೇ ಅಂದಳು. "ನಗ್ಬಾರ್ದು."

"ನಗಲ್ಲ."

"ಲಿಫ್ಟಮ್ಮನ ಲಿಫ್ಟು ಒಂದಿನ ದೀಪದಜ್ಜನ ದೀಪಸ್ತಂಭದಲ್ಲಿ ಬಾಗಿಲು ತೆರೆದ್ರೆ...? ಎರಡು ಸೀರಿಯಲ್‌ನವರು ಎದುರುಬದುರಾದ್ರೆ?"

ಅವನು ನಗಲಿಲ್ಲ. ಹುಬ್ಬು ಗಂಟಿಕ್ಕಿದ.

"ಆಗಲ್ಲ."

"ಯಾಕಾಗಲ್ಲ?"

"ದೀಪಸ್ತಂಭದಲ್ಲಿ ಇರೋದು ಸುತ್ತು ಮೆಟ್ಲು. ಗೋಡೆನೂ ಗುಂಡಗೆ. ಲಿಫ್ಟ್ ಇಳಿಯೋಕೆ ನೆಟ್ಟಗೆ ಒಂದು ಬಾವಿ ಬೇಕು. ಎಲ್ಲಿದೆ?"

"ಅಯ್ಯೋ! ಕಾಲದಿಂದ ಕಾಲಕ್ಕೆ ಹೋಗೋ ಲಿಫ್ಟಿಗೆ ಬಾವಿ ಯಾಕ್ರೀ? ಕಥೆ ಇದು!"

"ಕಥೆ ಆದ್ರೇನು? ಹಗ್ಗ ಬೇಡ್ವಾ?"

ಇಂಥ ಮೊದ್ದನನ್ನು ನಾನು ನೋಡೇ ಇಲ್ಲ ಎಂದುಕೊಂಡು ಅವಳು ಮನೆಗೆ ಹೋದಳು. ಆದರೆ ಮರುದಿನ ಅಂಗಡಿ ತೆರೆಯುವ ಹೊತ್ತಿಗೆ ಅವನು ಬಾಗಿಲಲ್ಲೇ ನಿಂತಿದ್ದ. ಕಣ್ಣು ಹೊಳೆಯುತ್ತಿತ್ತು.

"ಬಾವಿ ಇದೆ!"

"ಏನು?"

"ಹಳೇ ದೀಪಸ್ತಂಭಗಳಲ್ಲಿ ದೀಪ ತಿರುಗಿಸೋಕೆ ಗಡಿಯಾರದ ಥರ ಯಂತ್ರ ಇರ್ತಿತ್ತಂತೆ. ಅದಕ್ಕೊಂದು ತೂಕದ ಗುಂಡು. ಆ ಗುಂಡು ಇಳಿಯೋಕೆ ಸುತ್ತು ಮೆಟ್ಲಿನ ನಟ್ಟನಡುವೆ, ಮೇಲಿಂದ ಕೆಳಗಿನ ತನಕ ಒಂದು ಟೊಳ್ಳು ಬಾವಿ! ನಮ್ಮ ಲಿಫ್ಟಿಗೂ ಹಾಗೇ, ಹಿಂದೆ ಒಂದು ತೂಕದ ಗುಂಡು ಇರತ್ತೆ. ಅದು ಇಳಿದ್ರೆ ಇದು ಏರತ್ತೆ. ಅಂದ್ರೆ..."

"ಅಂದ್ರೆ ದೀಪದ ಗುಂಡು ಇಳಿದಾಗ... ಲಿಫ್ಟು ಮೇಲೇರತ್ತೆ..." ಅವಳ ಮೈ ನವಿರೆದ್ದಿತು.

ಬೇರೆ ಬೇರೆ ಜನ ಬರೆದ, ಒಂದನ್ನೊಂದು ಕಾಣದ ಎರಡು ಕಥೆಗಳು. ಅವುಗಳ ಹೊಟ್ಟೆಯೊಳಗೆ ಒಂದೇ ಅಳತೆಯ ಬಾವಿ! ಯಾರೋ ಇವರಿಬ್ಬರಿಗಾಗಿಯೇ ಬಿಟ್ಟುಹೋದ ಹಾಗೆ!

* * *

ಕಥೆ ಬರೆಯುವ ಆ್ಯಪ್‌ನಲ್ಲಿ ಅವಳ ಹೆಸರು 'ನೀಲಿ ಚುಕ್ಕೆ'. ಅವನು 'ಎಣ್ಣೆ ಕೈ' ಎಂಬ ಹೆಸರಿಟ್ಟುಕೊಂಡ. ಒಂದು ಭಾಗ ಅವಳು, ಒಂದು ಭಾಗ ಅವನು. ದೀಪಸ್ತಂಭದ ಒಳಗೆಲ್ಲ ಅವಳದ್ದು, ಲಿಫ್ಟಿನ ಒಳಗೆಲ್ಲ ಅವನದ್ದು.

ಮೊದಲ ದಿನವೇ ಒಂದು ನಿಯಮ ಮಾಡಿಕೊಂಡರು. ಸೀರಿಯಲ್ಲಿನಲ್ಲಿ ಏನು ನಡೆದಿದೆಯೋ ಅದನ್ನು ಬದಲಿಸುವಂತಿಲ್ಲ. ಅಜ್ಜನ ಕುಂಟುವ ಕಾಲು ಕುಂಟಬೇಕು, ಲಿಫ್ಟಮ್ಮನ ಹೊಸ್ತಿಲು ಹೊಸ್ತಿಲಾಗೇ ಇರಬೇಕು. ಈ ವಿಷಯದಲ್ಲಿ ಅವನು ಎಷ್ಟು ಕಟ್ಟುನಿಟ್ಟೆಂದರೆ, ಅಜ್ಜನ ಚಹಾದ ಲೋಟಕ್ಕೆ ಅವಳು ಹಿಡಿಕೆ ಇಟ್ಟು ಬರೆದದ್ದನ್ನೂ ಬಿಡಲಿಲ್ಲ.

"ಅಜ್ಜನ ಲೋಟದ ಹಿಡಿಕೆ ಮುರಿದುಹೋಗಿದೆ. ಬಿರುಗಾಳಿ ಎಪಿಸೋಡ್ ನೆನಪಿಲ್ವಾ?"

"ಸಿಐಡಿ ಕೆಲ್ಸ ಬಿಟ್ಟು ಲಿಫ್ಟಿಗೆ ಯಾಕೆ ಬಂದ್ರಿ ನೀವು?" ಅವಳು ಮೂತಿ ತಿರುಗಿಸಿದಳು. ತಿದ್ದಿದಳು ಕೂಡ.

ಕಥೆಯ ಮೇಲ್ಗಡೆ ಅವಳೊಂದು ಸಾಲು ಸೇರಿಸಿದ್ದಳು: 'ತೀರದ ದೀಪದ ಕೊನೆಯ ಎಪಿಸೋಡ್ ಬಗ್ಗೆ ಇಲ್ಲಿ ಯಾರೂ ಬರೆಯಬೇಡಿ. ಇನ್ನೂ ನೋಡದವರು ಇರಬಹುದು.'

ಅದನ್ನು ಅವನು ಎರಡು ಸಲ ಓದಿದ. ಆಮೇಲೆ, "ಒಳ್ಳೇದಾಯ್ತು," ಎಂದಷ್ಟೇ ಅಂದ.

ಊಟದ ಬಿಡುವಿನಲ್ಲಿ ತಾರಸಿಯ ಮೇಲೆ, ಲಿಫ್ಟಿನ ಯಂತ್ರದ ಕೋಣೆಯ ನೆರಳಿನಲ್ಲಿ ಕೂರುತ್ತಿದ್ದರು. ಒಳಗೆ ಯಂತ್ರ ಗುಂಯ್‌ಗುಟ್ಟುತ್ತಿದ್ದರೆ ಹೊರಗೆ ಇವರ ಕಲ್ಪನೆಗೆ ಲಂಗುಲಗಾಮಿಲ್ಲ.

"ಆ ಅತ್ತೆ-ಸೊಸೆ ಸೀರಿಯಲ್‌ನ ಗಯ್ಯಾಳಿ ಅತ್ತೆ ಇದಾಳಲ್ಲ... ಅವಳನ್ನ ಭೂತಬಂಗಲೆ ಸೀರಿಯಲ್‌ಗೆ ಕಳಿಸಿದ್ರೆ?"

"ಭೂತಗಳೇ ಗಂಟುಮೂಟೆ ಕಟ್ಕೊಂಡು ಬೇರೆ ಮನೆ ನೋಡ್ಕೊಳ್ತವೆ!"

"ಅಡುಗೆ ಸ್ಪರ್ಧೆಯ ಆ ಸಿಡುಕ ಜಡ್ಜನ್ನ?"

"ನಮ್ಮಮ್ಮನ ಮುಂದೆ ಕೂರಿಸ್ಬೇಕು. ಊಟ ಮಾಡಿ, ತಟ್ಟೆ ತೊಳೆದಿಟ್ಟು, ಬಾಯ್ಮುಚ್ಚಿಕೊಂಡು ಹೋಗ್ತಾನೆ!"

ಒಂದು ದಿನ ಅವನು ಕಣ್ಣು ನೋವೆಂದು ಪರೀಕ್ಷೆಗೆ ಬಂದ. ಅವಳು ಪುಟ್ಟ ಟಾರ್ಚ್ ಹಿಡಿದು ಅವನ ಕಣ್ಣಿನ ತೀರ ಹತ್ತಿರ ಬಾಗಿದಳು.

"ಎದುರುಗಡೆ ಗೋಡೆ ನೋಡಿ... ನನ್ನನ್ನಲ್ಲ."

"ಗೋಡೆ ಕಾಣ್ತಿಲ್ಲ."

"ಯಾಕೆ?"

"ನೀವು ಅಡ್ಡ ಇದೀರಲ್ಲ!"

ಟಾರ್ಚಿನ ಬೆಳಕು ಅವನ ಕಣ್ಣಿನಿಂದ ಕಿವಿಗೆ ಜಾರಿತು. 'ಸುಮ್ನಿರು ಮನಸೇ, ಇದು ಡ್ಯೂಟಿ ಟೈಮು...' ಎಂದು ತನ್ನನ್ನೇ ಗದರಿಕೊಂಡಳು. ಅವನ ಕಣ್ಣು ಸರಿಯಾಗಿಯೇ ಇತ್ತು. ಅದನ್ನು ಹೇಳಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಆದರೆ ಅವನಿಗೆ ಒಂದು ವಿಷಯ ಮಾತ್ರ ಅವಳು ಹೇಳಿರಲಿಲ್ಲ.

'ತೀರದ ದೀಪ'ದ ಕೊನೆಯ ಎಪಿಸೋಡನ್ನು ಅವಳು ನೋಡಿಯೇ ಇರಲಿಲ್ಲ!

ಆ ಸೀರಿಯಲ್ಲನ್ನು ಮನೆಯ ಮೂವರೂ ಒಟ್ಟಿಗೆ ನೋಡುತ್ತಿದ್ದರು. ಅಪ್ಪ ಮಂಚದ ತುದಿಯಲ್ಲಿ, ಅವಳು ಅಪ್ಪನ ಕಾಲ ಬಳಿ, ಅಮ್ಮ ಏನಾದರೊಂದು ಕೆಲಸ ಹಿಡಿದು ಬಾಗಿಲ ಬಳಿ. "ಈ ಸಲ ಬರ್ತಾಳೆ ನೋಡು ಮಗಳು!" ಎಂದು ಅಪ್ಪ ಪ್ರತಿ ಸಲವೂ ಅನ್ನುತ್ತಿದ್ದರು. ಇನ್ನೊಂದೇ ಎಪಿಸೋಡ್ ಬಾಕಿ ಇರುವಾಗ ಅಪ್ಪ ಹೋಗಿಬಿಟ್ಟರು. ಒಂದು ಮಧ್ಯಾಹ್ನ, ಎದೆ ಒತ್ತಿಕೊಂಡು, ಯಾರಿಗೂ ಏನೂ ಹೇಳದೆ.

ಫೋನಿನಲ್ಲಿ ಆ ಕೊನೆಯ ಎಪಿಸೋಡಿನ ಪಕ್ಕ ಒಂದು ನೀಲಿ ಚುಕ್ಕೆ ಇತ್ತು. 'ನೋಡಿಲ್ಲ' ಎಂಬುದರ ಗುರುತು. ಅವಳು ಅದನ್ನು ಮುಟ್ಟಲಿಲ್ಲ. ನೋಡಿದರೆ ಮುಗಿದುಹೋಗುತ್ತದೆ... ನೋಡದಿದ್ದರೆ ಅಜ್ಜ ಇನ್ನೂ ಮೆಟ್ಟಿಲು ಹತ್ತುತ್ತಿದ್ದಾನೆ, ಅಪ್ಪ ಇನ್ನೂ ಮಂಚದ ತುದಿಯಲ್ಲಿ ಕೂತಿದ್ದಾರೆ.

ಇದನ್ನು ಲೋಟದ ಹಿಡಿಕೆಯನ್ನೂ ನೆನಪಿಟ್ಟುಕೊಂಡವನ ಎದುರು ಹೇಳುವುದು ಹೇಗೆ? 'ನೀವೆಂಥ ಅಭಿಮಾನಿ?' ಎಂದು ನಕ್ಕರೆ?

* * *

ಆ ಭಾನುವಾರ ಬೆಳಿಗ್ಗೆ ಅವನ ಭಾಗ ಬಂತು. ಅವಳು ಹಾಸಿಗೆಯಲ್ಲೇ ಕೂತು ಓದತೊಡಗಿದಳು.

ಲಿಫ್ಟಿನ ಬಾಗಿಲು ತೆರೆದಿತ್ತು. ಲಿಫ್ಟಮ್ಮ ಹೊಸ್ತಿಲ ಒಳಗೇ ನಿಂತು, ಹುಟ್ಟಿದಾಗಿನಿಂದ ಕಾಣದ ಸಮುದ್ರವನ್ನು ಕಣ್ತುಂಬ ನೋಡುತ್ತಿದ್ದಳು. ಅಷ್ಟು ನೀರು! ಅದಕ್ಕೆ ಮಹಡಿಗಳೇ ಇಲ್ಲವಲ್ಲ ಎಂದು ಬೆರಗಾಗಿದ್ದಳು. ಎಷ್ಟು ಚೆನ್ನಾಗಿ ಬರೆದಿದ್ದಾನೆ! ಅವಳು ನಗುತ್ತಲೇ ಮುಂದೆ ಓದಿದಳು.

'ಅಜ್ಜ ದೀಪ ಆರಿಸಿದ. ಇನ್ನು ಕಾಯುವುದು ನನ್ನಿಂದಾಗದು ತಾಯಿ, ನಿನ್ನ ಲಿಫ್ಟಿನಲ್ಲಿ ನನಗೂ ಜಾಗ ಇದೆಯಾ? ಎಂದು ಕೇಳಿದ.'

ಅವಳ ನಗು ಹಾಗೇ ಹೆಪ್ಪುಗಟ್ಟಿತು.

ಅಜ್ಜ ದೀಪ ಆರಿಸಿದನೇ?

ಅವನು ನಿಯಮ ಮುರಿಯುವವನಲ್ಲ. ಸೀರಿಯಲ್ಲಿನಲ್ಲಿ ಇಲ್ಲದ್ದನ್ನು ಬರೆಯುವವನೇ ಅಲ್ಲ. ಅಂದರೆ... ಕೊನೆಗೆ ಆಗುವುದು ಅದೇ. ಹಡಗು ಬರಲಿಲ್ಲ. ಮಗಳು ಬರಲಿಲ್ಲ. ಅಜ್ಜ ಸೋತುಹೋದ.

ಇಷ್ಟು ವರ್ಷ ಎರಡು ಕೈ ಅಡ್ಡ ಹಿಡಿದು ಕಾಪಾಡಿಕೊಂಡು ಬಂದ ದೀಪವನ್ನು ಅವನು ಒಂದೇ ಸಾಲಿನಲ್ಲಿ ಉಫ್ ಎಂದು ಊದಿಬಿಟ್ಟಿದ್ದ!

ಫೋನ್ ಮಾಡಿದಳು.

"ಯಾಕೆ ಹಾಗೆ ಬರೆದ್ರಿ?"

"ಇಷ್ಟ ಆಗ್ಲಿಲ್ವಾ?" ಅವನ ದನಿಯಲ್ಲಿ ಅಂಜಿಕೆ. "ಅಜ್ಜ ಕೇಳಿದ್ದು... ಅದು ನಾನೇ ಕೇಳ್ದೆ ಅಂತ..."

ಅವಳಿಗೆ ಅದು ಕೇಳಿಸಲೇ ಇಲ್ಲ. "ಎಲ್ಲಾ ಮುಗಿಸಿಬಿಟ್ರಿ ನೀವು! ಇನ್ಮೇಲೆ ನನ್ ಜೊತೆ ಬರೀಬೇಡಿ. ಮಾತೂ ಆಡ್ಬೇಡಿ!"

ಆ ಕಡೆಯಿಂದ, "ಸರಿ... ತಪ್ಪಾಯ್ತು," ಎಂಬ ಮೆಲುದನಿ.

ಮರುದಿನದಿಂದ ಕಟ್ಟಡದ ಲಿಫ್ಟಿಗೆ ಬೇರೆ ಮೆಕ್ಯಾನಿಕ್ ಬರತೊಡಗಿದ. ದಪ್ಪ ಮೀಸೆಯವನು, ಹಳದಿ ಗುಂಡಿ ಒತ್ತಿದಾಗ ಕೇಳಿಸಿದ್ದ ಆ ಒರಟು ದನಿಯವನು. ಅವನ ಫೋನನ್ನೂ ಸಂದೇಶವನ್ನೂ ತಡೆದಿಟ್ಟದ್ದು ಅವಳೇ. ಆದರೂ ಹತ್ತು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಿದ್ದವಳೂ ಅವಳೇ! ತಾರಸಿಗೆ ಹೋಗುವುದನ್ನು ಬಿಟ್ಟಳು. ಯಂತ್ರ ಗುಂಯ್‌ಗುಟ್ಟುವುದು ಕೇಳಿದರೆ ಸಾಕು, ಎದ್ದು ಅಂಗಡಿಯ ಬಾಗಿಲು ಮುಚ್ಚುತ್ತಿದ್ದಳು.

* * *

"ನಿನ್ ಮುಖ ನೋಡೋಕಾಗ್ತಿಲ್ಲ ಕಣೇ," ಅಮ್ಮ ಬಟಾಣಿ ಬಿಡಿಸುತ್ತ ಒಂದು ಸಂಜೆ ಅಂದಳು. "ಆ ಎಣ್ಣೆ ಕೈ ಏನ್ಮಾಡ್ದ? ಹೇಳಿದ್ರೆ ಹೋಗಿ ಕಿವಿ ಹಿಂಡಿ ಬರ್ತೀನಿ."

ತಡೆದುಕೊಂಡಿದ್ದ ಅಳು ಒಮ್ಮೆಲೇ ಒತ್ತರಿಸಿ ಬಂತು.

"ಅಜ್ಜ ದೀಪ ಆರಿಸ್ತಾನಂತೆ ಅಮ್ಮಾ! ಮಗಳು ಬರೋದೇ ಇಲ್ವಂತೆ... ಅಪ್ಪ ಅಷ್ಟು ನಂಬಿದ್ರಲ್ಲ..."

"ಯಾವನಂದಿದ್ದು? ಅಜ್ಜ ಎಲ್ಲಿ ದೀಪ ಆರಿಸ್ದ? ಅವನು ಮಲ—"

ಅಮ್ಮ ನಾಲಿಗೆ ಕಚ್ಚಿಕೊಂಡಳು. ಕೈಯಲ್ಲಿದ್ದ ಬಟಾಣಿ ನೆಲದ ಮೇಲೆಲ್ಲ ಉರುಳಿತು.



"ಅಮ್ಮಾ... ನೀನು ನೋಡಿದೀಯಾ?"

ಅಮ್ಮ ತಲೆ ತಗ್ಗಿಸಿ ಬಟಾಣಿ ಆರಿಸತೊಡಗಿದಳು.

"ಎದುರುಮನೆ ಟೀಚರ್ ಮನೇಲಿ ನೋಡ್ದೆ. ನಿಮ್ಮಪ್ಪ ಹೋಗಿ ಸ್ವಲ್ಪ ದಿನಕ್ಕೇ. ನಿನ್ ಫೋನಲ್ಲಿ ನೋಡಿದ್ರೆ ಆ ಚುಕ್ಕೆ ಹೋಗ್ಬಿಡತ್ತಲ್ಲ..."

"ಯಾಕಮ್ಮಾ? ನಂಗೆ ಹೇಳ್ದೆ ಒಬ್ಳೇ..."

"ಇನ್ನೇನ್ ಮಾಡ್ಲಿ? ನಾಳೆ ಎಲ್ಲಾದ್ರೂ ನಿಮ್ಮಪ್ಪ ಎದುರು ಸಿಕ್ಕಿ, 'ಏನಾಯ್ತೇ, ಹಡಗು ಬಂತಾ?' ಅಂತ ಕೇಳಿದ್ರೆ ಏನಂತ ಹೇಳ್ಲಿ? ಮನೇಲಿ ಒಬ್ರಿಗಾದ್ರೂ ಗೊತ್ತಿರ್ಬೇಕಲ್ಲ!"

ಅವಳು ಅಮ್ಮನನ್ನು ಮೊದಲ ಬಾರಿಗೆ ನೋಡುವವಳಂತೆ ನೋಡಿದಳು. ಪಕ್ಕದ ಮನೆಯ ಬೆಕ್ಕು ಮರಿ ಹಾಕಿದರೆ ಊರಿಗೆಲ್ಲ ಸಾರುವ ಅಮ್ಮ! ಇಷ್ಟು ವರ್ಷ ಇಷ್ಟು ದೊಡ್ಡ ಕೊನೆಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು, ತುಟಿ ಎರಡು ಮಾಡದೆ ಓಡಾಡಿದ್ದಳೇ? ಯಾವ ಸೀರಿಯಲ್ಲಿನಲ್ಲಿ ಕಂಡಿದ್ದಾಳೆ ಇಂಥ ಹೆಂಗಸನ್ನು!

ಅಮ್ಮನನ್ನು ತಬ್ಬಿಕೊಂಡಳು. ಆಗಲೇ ಇನ್ನೊಂದು ಯೋಚನೆ ಮಿಂಚಿದಂತಾಯಿತು.

ಅಜ್ಜ ದೀಪ ಆರಿಸಲಿಲ್ಲ ಅಂದರೆ... ಲೋಟದ ಹಿಡಿಕೆಯನ್ನೂ ಬಿಡದವನು ಹಾಗೇಕೆ ಬರೆದ?

ಗೊತ್ತಿದ್ದೂ ಸುಳ್ಳು ಬರೆಯುವವನಲ್ಲ ಅವನು. ಹಾಗಾದರೆ... ಗೊತ್ತೇ ಇಲ್ಲ!

'ಒಳ್ಳೇದಾಯ್ತು' ಎಂದಿದ್ದನಲ್ಲ ಅವತ್ತು, ಆ ಸಾಲು ಓದಿ!

* * *

ಬೆಳಿಗ್ಗೆ ಅವನಿಗೆ ಫೋನ್ ಮಾಡಿದರೆ ಸ್ವಿಚ್ ಆಫ್. ಅವಳು ಸೀದಾ ಕಟ್ಟಡಕ್ಕೆ ಹೋಗಿ ಲಿಫ್ಟಿನೊಳಗೆ ನಿಂತಳು. ಲಿಫ್ಟು ಚೆನ್ನಾಗಿಯೇ ಇತ್ತು. ಆದರೂ ಹಳದಿ ಗುಂಡಿ ಒತ್ತಿದಳು.

"ಬರ್ತಾ ಇದೀವಿ, ಗಾಬರಿ ಆಗ್ಬೇಡಿ," ಎಂದಿತು ಒರಟು ದನಿ.

"ಸರ್, ನಾನು ಕನ್ನಡಕದ ಹುಡುಗಿ..."

"ಓಹೋ! ಅದಕ್ಕೇ ಲಿಫ್ಟು ಓಡ್ತಿದ್ರೂ ಗುಂಡಿ ಒತ್ತಿದೀರಾ! ಇರಿ, ಇಲ್ಲೇ ಮುಖ ಊದಿಸ್ಕೊಂಡು ಕೂತಿದಾನೆ. ಲೋ, ತಗೊಳೋ! ಲಿಫ್ಟಿನ ಕರೆ ಇದು, ಬೇಡ ಅನ್ನೋ ಹಾಗಿಲ್ಲ!"

ಗರಗರ ಸದ್ದು. ಆಮೇಲೆ ಅದೇ ದನಿ. ಅವತ್ತು ಕತ್ತಲಲ್ಲಿ ತಲೆಯ ಮೇಲಿನಿಂದ ಬಂದಿದ್ದ ದನಿ.

"...ಸಿಕ್ಕಿಹಾಕ್ಕೊಂಡಿದೀರಾ?"

"ಹೂಂ."

"ಯಾವ ಮಹಡಿ?"

"ಅದೆಲ್ಲ ಆಮೇಲೆ. 'ತೀರದ ದೀಪ'ದ ಕೊನೇ ಎಪಿಸೋಡ್ ನೋಡಿದೀರಾ ನೀವು?"



"...ಇಲ್ಲ."

ಅವಳು ಗೋಡೆಗೊರಗಿದಳು.

"ಯಾಕೆ?"

"ಹೇಳಿದ್ರೆ ನಗ್ತೀರಾ. ನಾನು ಚಿಕ್ಕಪ್ಪನ ಮನೇಲಿ ಬೆಳೆದೋನು. ಎಷ್ಟು ಹೊತ್ತಿಗೆ ಮನೆಗೆ ಹೋದ್ರೂ 'ಬಂದ್ಯಾ' ಅಂತ ಯಾರೂ ಕೇಳ್ತಿರ್ಲಿಲ್ಲ. ಒಬ್ಬರಿಗೋಸ್ಕರ ಇನ್ನೊಬ್ರು ದಿನಾ ದೀಪ ಹಚ್ಚಿಟ್ಟು ಕಾಯ್ತಾರೆ ಅನ್ನೋದೇ ನಂಗೆ ದೊಡ್ಡ ಆಶ್ಚರ್ಯ. ಕೊನೇಲಿ ಆ ಅಜ್ಜ ಕಾಯೋದು ಬಿಟ್ಟಿದ್ರೆ... ಅಂತ ಭಯ. ನೋಡ್ಲೇ ಇಲ್ಲ."

"ಮತ್ತೆ ನೀವೇ ಹಾಗೆ ಬರೆದ್ರಲ್ಲ!"

"ನೀವು ನೋಡಿರ್ತೀರಾ, ತಪ್ಪಿದ್ರೆ ತಿದ್ದುತೀರಾ ಅಂದ್ಕೊಂಡೆ. ಅಜ್ಜನ ಬಾಯಲ್ಲಿ ನಾನು ನಿಮ್ಮನ್ನ ಕೇಳಿದ್ದು ಅದು. ಜಾಗ ಇದೆಯಾ ಅಂತ. ನೀವು... ಬೇಡ ಅಂದ್ರಿ."

ಅವಳಿಗೆ ಒಟ್ಟಿಗೇ ನಗುವೂ ಅಳುವೂ ಬಂದವು. ಒಬ್ಬಳ ನೀಲಿ ಚುಕ್ಕೆ ಇನ್ನೊಬ್ಬನಿಗೆ ಕಾಣದೆ, ಒಬ್ಬನ ಚುಕ್ಕೆ ಇನ್ನೊಬ್ಬಳಿಗೆ ಕಾಣದೆ... ಜಗತ್ತಿನಲ್ಲಿ ಇಂಥ ಜೋಡಿ ಪೆದ್ದರು ಇನ್ನೆಲ್ಲಾದರೂ ಇದ್ದಾರೆಯೇ?

"ನಾನೂ ನೋಡಿಲ್ಲ ಕಣ್ರೀ," ಎಂದಳು ಮೆಲ್ಲಗೆ. "ನನ್ನ ಹೆಸ್ರು ನೀಲಿ ಚುಕ್ಕೆ ಯಾಕೆ ಅಂತ ಒಂದಿನಾನೂ ಯೋಚ್ನೆ ಮಾಡ್ಲಿಲ್ವಾ?"

ಆ ಕಡೆ ಏನೋ ಕೆಳಗೆ ಬಿದ್ದ ಸದ್ದು. ಸ್ಪ್ಯಾನರ್ ಇರಬೇಕು!

* * *

ಮುಂದಿನ ಭಾನುವಾರದ ಮಧ್ಯಾಹ್ನ ಅವನು ಬಂದ. ಕೈ ಉಜ್ಜಿ ಉಜ್ಜಿ ತೊಳೆದಿದ್ದ. ಆದರೂ ಉಗುರಿನ ಸಂದಿಯಲ್ಲಿ ಎಣ್ಣೆ ಇಣುಕುತ್ತಿತ್ತು.

"ಬಂದ್ಯೇನಪ್ಪಾ?" ಅಮ್ಮ ಬಾಗಿಲಲ್ಲೇ ಕೇಳಿದಳು. ಆ ಒಂದು ಮಾತಿಗೆ ಅವನ ಕಣ್ಣು ಯಾಕೆ ತುಂಬಿತೆಂದು ಅಮ್ಮನಿಗೆ ತಿಳಿಯಲಿಲ್ಲ. ಮಗಳಿಗೆ ತಿಳಿಯಿತು.

ಮಂಚದ ತುದಿಯನ್ನು ಖಾಲಿ ಬಿಟ್ಟು ಇಬ್ಬರೂ ನೆಲದ ಮೇಲೆ ಕೂತರು. ಅಮ್ಮ ಬಾಗಿಲ ಬಳಿ ಬಟ್ಟೆ ಮಡಿಸುತ್ತ ಕೂತಳು. ಅವಳು ಫೋನನ್ನು ತಮ್ಮಿಬ್ಬರ ನಡುವೆ ಇಟ್ಟು ಆ ಎಪಿಸೋಡನ್ನು ಒತ್ತಿದಳು.

ನೀಲಿ ಚುಕ್ಕೆ ಮಾಯವಾಯಿತು.

ಹಡಗು ಬಂತು... ಬೆಳಗಿನ ಹೊತ್ತು, ಎಳೆಬಿಸಿಲಿನಲ್ಲಿ! ರಾತ್ರಿಯೆಲ್ಲ ಕಾದ ಅಜ್ಜ ಗೋಡೆಗೊರಗಿ ನಿದ್ದೆಹೋಗಿದ್ದ. ಮಗಳು ಮೆಟ್ಟಿಲು ಹತ್ತಿ ಬಂದಳು. ಅವಳ ತಲೆಯೂ ನರೆತಿತ್ತು. ಎಬ್ಬಿಸಲಿಲ್ಲ. ಹಿಡಿಕೆ ಮುರಿದ ಲೋಟ ತೊಳೆದಿಟ್ಟಳು. ದೀಪದ ಗಾಜು ಒರೆಸಿದಳು. ಸಂಜೆಯಾಯಿತು. 'ಅಯ್ಯೋ, ಹೊತ್ತಾಯಿತು!' ಎಂದು ಅಜ್ಜ ಬೆಚ್ಚಿ ಎದ್ದ, ಕುಂಟುತ್ತ ಓಡಿದ, ಮೇಲೆ ನೋಡಿದ...

ದೀಪ ಆಗಲೇ ಉರಿಯುತ್ತಿತ್ತು.

ಬೇರೆ ಯಾರೋ ಹಚ್ಚಿದ್ದರು!

ಅಷ್ಟೇ. ಅಜ್ಜನ ಮುಖದ ಮೇಲೆ ಬೆಳಕು ಸುತ್ತಿ ಸುತ್ತಿ ಬರುತ್ತಿತ್ತು. ಮಾತೇ ಇರಲಿಲ್ಲ. ಇಬ್ಬರೂ ಉಸಿರು ಬಿಗಿಹಿಡಿದು, ಕೆನ್ನೆ ಒದ್ದೆಯಾದದ್ದೂ ತಿಳಿಯದೆ ಕೂತಿದ್ದರು. ಇಷ್ಟು ವರ್ಷ ಅವರು ಹೆದರಿದ್ದು ಇದಕ್ಕೇ? ಇಷ್ಟೊಂದು ಚೆಲುವಿಗೆ?

ಅವಳು ಖಾಲಿ ಮಂಚದ ತುದಿಯತ್ತ ತಿರುಗಿದಳು. 'ಬಂದ್ಲಪ್ಪಾ... ನೀವು ಹೇಳಿದ ಹಾಗೇ ಬಂದ್ಲು.'

ಅಮ್ಮ ಪರದೆಯತ್ತ ನೋಡಿಯೇ ಇರಲಿಲ್ಲ. ಮೊದಲಿನಿಂದ ಕೊನೆಯವರೆಗೂ ಇವರಿಬ್ಬರ ಮುಖವನ್ನೇ ನೋಡುತ್ತಿದ್ದಳು. "ಅಬ್ಬಾ! ಹೊಟ್ಟೆ ಹಗುರ ಆಯ್ತು. ಇದನ್ನ ಇಟ್ಕೊಂಡು ನಾನು ಪಟ್ಟ ಪಾಡು ನಿಮಗೇನ್ ಗೊತ್ತು!" ಎಂದು ಮಡಿಸಿದ ಬಟ್ಟೆಯಲ್ಲೇ ಕಣ್ಣೊರೆಸಿಕೊಂಡು ಒಳಗೆದ್ದು ಹೋದಳು.

ಅವನು ತನ್ನ ಫೋನಿನಲ್ಲಿ ಅವರಿಬ್ಬರ ಕಥೆ ತೆರೆದ.

"ನನ್ನ ಭಾಗ ಅಳಿಸಿಬಿಡ್ತೀನಿ. ಅಜ್ಜ ದೀಪ ಆರಿಸೋನಲ್ಲ."

"ಆ ಸಾಲು ಅಳಿಸಿ. ಅವನು ಕೇಳಿದ್ದನ್ನ ಅಳಿಸ್ಬೇಡಿ."

ಅವನು ತಿರುಗಿ ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಹಾಗಾದ್ರೆ..." ಅವನ ದನಿ ಪಿಸುಮಾತಾಯಿತು. "ಜಾಗ ಇದೆಯಾ?"

"ಇದೆ." ಅವಳು ಎಣ್ಣೆಯ ಗುರುತಿದ್ದ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಆದ್ರೆ ದೀಪ ಆರಿಸಿ ಬರೋ ಹಾಗಿಲ್ಲ."

"ಮತ್ತೆ?"

"ಉರೀತಾ ಇರ್ಲಿ. ನೀವು ಮಲಗಿರೋವಾಗ ನಾನು ನೋಡ್ಕೊಳ್ತೀನಿ."